ಬಾಯ್ಲರಿನೊಳಗೆ ಒಂದು ದೀಪ ಆರಿಸಿದ್ದು

೧೯೯೧ರ ಬೇಸಿಗೆಯಲ್ಲಿ ನಾನು ವಿಶಾಖಪಟ್ನಂನ ಒಂದು ಸಣ್ಣ ಖಾಸಗಿ ಕಂಪನಿಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ. ಕಾರ್ಖಾನೆಗಳ ಬಾಯ್ಲರುಗಳನ್ನು ವರ್ಷಕ್ಕೊಮ್ಮೆ ನಿಲ್ಲಿಸಿ, ಬಿಚ್ಚಿ, ದುರಸ್ತಿ ಮಾಡಿ ಮತ್ತೆ ಹೊತ್ತಿಸಿಕೊಡುವುದು ನಮ್ಮ ಕಸುಬು. ಹುಟ್ಟೂರು ದಾವಣಗೆರೆಯಾದರೂ ವಿಶಾಖಪಟ್ನಂನ ಅಂಚಿನ ಪೆಂಡುರ್ತಿಯಲ್ಲಿ ಮನೆ ಮಾಡಿ ಆಗಲೇ ಎಂಟು ವರ್ಷವಾಗಿತ್ತು. ಆ ಸಲ ಕೆಲಸ ಬಿದ್ದದ್ದು ವಿಜಯವಾಡದ ಹೊರಗಿನ ಒಂದು ಕಾರ್ಖಾನೆಯ ಕಲ್ಲಿದ್ದಲ ಬಾಯ್ಲರಿಗೆ. ಮಕ್ಕಳಿಗೆ ರಜೆ ಇತ್ತು. ಹೆಂಡತಿ ಗಿರಿಜಾ ಕುಕ್ಕರು, ಮಿಕ್ಸಿ, ಮೆಂತ್ಯಹಿಟ್ಟಿನ ಡಬ್ಬಿ ಕಟ್ಟಿಕೊಂಡು ನಮ್ಮನ್ನೆಲ್ಲ ಹೊರಡಿಸಿದಳು. "ಆ ಊರಲ್ಲಿ ಅಕ್ಕಿ ತೊಳೆದು ತಾರಸಿ ಮೇಲಿಟ್ರೆ ಸಾಕಂತೆ, ಒಲೆ ಯಾಕೆ ಹೊರಬೇಕು" ಎನ್ನುತ್ತಲೇ ಒಲೆಯನ್ನೂ ಹೊರಿಸಿದಳು.

ನನ್ನ ಪಾಲಿನ ಸಾಮಾನು ಒಂದೇ: ಕೈಯಲ್ಲಿ ಹಿಡಿಯುವ ಸ್ಪಾಟ್‌ಲೈಟ್. ಹಡಗಿನ ಸಾಮಾನು ಮಾರುವ ಹಾರ್ಬರ್ ಹತ್ತಿರದ ಅಂಗಡಿಯಿಂದ ಕಂಪನಿ ಅದನ್ನು ತರಿಸಿತ್ತು. ಕಪ್ಪು ಪ್ಲಾಸ್ಟಿಕ್ ಮೈ, ಪಿಸ್ತೂಲಿನಂಥ ಹಿಡಿ, ಅದರಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ದೀಪ ಉರಿಸುವ ಗುಂಡಿ, ಊಟದ ತಟ್ಟೆಯಷ್ಟು ಅಗಲದ ಗಾಜು. ಒಳಗೆ ಸ್ಕೂಟರಿನ ಬ್ಯಾಟರಿಯ ತಮ್ಮನಂಥ ಒಂದು ಮುಚ್ಚಿದ ಬ್ಯಾಟರಿ. ಡಬ್ಬದ ಮೇಲೆ ಲಕ್ಷಗಟ್ಟಲೆ 'ಕ್ಯಾಂಡಲ್ ಪವರ್' ಎಂದು ಬರೆದಿತ್ತು. ಅಷ್ಟು ಮೇಣದಬತ್ತಿಗಳ ಬೆಳಕನ್ನು ಒಂದೇ ದಿಕ್ಕಿಗೆ ಹಿಡಿದು ತಳ್ಳುತ್ತದೆ ಎಂದು ಅದರ ಅರ್ಥ. ಗಿರಿಜಾ ಕೇಳಿ, "ಅಷ್ಟು ಮೇಣದಬತ್ತಿ ತಗೊಂಡಿದ್ರೆ ಕರೆಂಟ್ ಹೋದಾಗ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗ್ತಿತ್ತು" ಎಂದಳು.

ಅಂಥ ದೀಪ ಬೇಕಾದ ಕಾರಣ ಹೇಳುತ್ತೇನೆ. ಬಾಯ್ಲರಿನ ಒಳಗೆ ಮನೆಯ ವೋಲ್ಟೇಜಿನ ಬಲ್ಬು ಒಯ್ಯುವಂತಿಲ್ಲ. ಸುತ್ತಲೂ ಕಬ್ಬಿಣ, ವೈರು ಒಂದು ಕಡೆ ಸುಲಿದರೂ ಸಾವು. ಇಪ್ಪತ್ನಾಲ್ಕು ವೋಲ್ಟಿನ ಕೈದೀಪಕ್ಕೆ ಮಾತ್ರ ಅಪ್ಪಣೆ, ಅದು ಆ ಕತ್ತಲಲ್ಲಿ ಹಣತೆಯ ಲೆಕ್ಕ. ತನ್ನದೇ ಬ್ಯಾಟರಿಯ ಈ ಸ್ಪಾಟ್‌ಲೈಟಿಗೆ ವೈರಿನ ಹಂಗಿಲ್ಲ.

ಆದರೆ ಅದನ್ನು ಸಾಕುವುದು ಹಸುಗೂಸನ್ನು ಸಾಕಿದಂತೆ. ಪೂರ್ತಿ ಚಾರ್ಜಿಗೆ ಉರಿಯುವುದು ಅರ್ಧ ಗಂಟೆ, ಆ ಚಾರ್ಜು ಏರಲು ಸಂಜೆಯಿಂದ ಬೆಳಗಿನತನಕ ಬೇಕು. ಬರಿದಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸತ್ತುಹೋಗುತ್ತದೆ, ಬಳಸಿದ ದಿನವೇ ಮತ್ತೆ ಉಣಿಸಬೇಕು. ಮೈ ಬಿಸಿಯಿದ್ದಾಗ ಉಣಿಸುವಂತಿಲ್ಲ, ಆರಲು ಬಿಡಬೇಕು. ಹ್ಯಾಲೊಜನ್ ಬಲ್ಬನ್ನು ಬರಿಬೆರಳಲ್ಲಿ ಮುಟ್ಟಿದರೆ, ಬೆರಳಿನ ಜಿಡ್ಡು ಅಂಟಿದಲ್ಲಿ ಕಾದು ಒಡೆಯುತ್ತದೆ. ಉರಿಯುವಾಗ ಗಾಜಿನ ಮುಖವನ್ನು ಎಲ್ಲಿಯೂ ಒರಗಿಸುವಂತಿಲ್ಲ; ನನ್ನ ಒಂದು ಟವೆಲ್ಲಿಗೆ ದುಂಡಗೆ ಕಂದುಬಣ್ಣದ ಹುಣ್ಣಿಮೆ ಮೂಡಿತ್ತು. ಸೈಟಿನಲ್ಲಿ ವೆಲ್ಡಿಂಗ್ ಸೆಟ್ಟುಗಳು ಎಳೆದೆಳೆದು ವೋಲ್ಟೇಜು ಕುಸಿಯುತ್ತಿತ್ತಾದ್ದರಿಂದ ಚಾರ್ಜಿಗೆ ಮನೆಗೇ ತರುತ್ತಿದ್ದೆ. ವಿಜಯವಾಡದಲ್ಲಿ ಹಿಡಿದಿದ್ದ ಬಾಡಿಗೆಮನೆಯ ಅಡಿಗೆಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು.

"ದೀಪದ ಊಟ ಮುಗಿಯೋ ತನಕ ಮಿಕ್ಸಿಗೆ ಉಪವಾಸ" ಎಂದು ಗಿರಿಜಾ ಮನೆಯೊಡತಿಯ ಒರಳಲ್ಲಿ ಚಟ್ನಿ ರುಬ್ಬುತ್ತಿದ್ದಳು. ಆದರೆ ಬೆಳಿಗ್ಗೆ ನಾನು ಏಳುವ ಮೊದಲೇ ಚಾರ್ಜರಿನ ಮೇಲೆ ಕೈಯಿಟ್ಟು ನೋಡಿ, "ಬೆಚ್ಚಗಿದೆ, ಹೊಟ್ಟೆ ತುಂಬಿದೆ ರೀ" ಎಂದು ವರದಿ ಕೊಡುತ್ತಿದ್ದವಳೂ ಅವಳೇ.

ಬಾಯ್ಲರಿನ ಹೃದಯ ಅದರ ಫರ್ನೇಸು, ಕಲ್ಲಿದ್ದಲ ಪುಡಿ ಉರಿಯುವ ಕೋಣೆ. ಕೋಣೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಹತ್ತು ಮಹಡಿ ಕಟ್ಟಡದ ನೆಲ, ಮಾಡು ಎಲ್ಲ ಕಿತ್ತು, ಗೋಡೆ ಮಾತ್ರ ಉಳಿಸಿ, ಕಿಟಕಿಗಳನ್ನು ಮುಚ್ಚಿಬಿಟ್ಟರೆ ಹೇಗೋ ಹಾಗೆ. ಬೆಂಕಿ ಆರಿಸಿ ಎರಡು ದಿನ ತಣಿಯಲು ಬಿಟ್ಟು, ಮೂರನೆಯ ದಿನ ಬೆಳಿಗ್ಗೆ ಕೆಳಗಿನ ಬಾಗಿಲಲ್ಲಿ ತಲೆ ತೂರಿಸಿ ಸ್ಪಾಟ್‌ಲೈಟ್ ಒತ್ತಿದೆ.

ಬೆಳಕು ಬೂದಿಯಲ್ಲಿ ಒಂದು ಬಿಳಿಯ ಕಂಬದಂತೆ ನಿಂತಿತು. ಕಂಬವನ್ನು ಮೆಲ್ಲಗೆ ಮೇಲೆತ್ತಿದೆ. ನಾಲ್ಕೂ ಗೋಡೆಗೆ ಒತ್ತೊತ್ತಾಗಿ ನಿಂತ ನೀರಿನ ಕೊಳವೆಗಳು ಒಂದಕ್ಕೊಂದು ಸಮಾನಾಂತರವಾಗಿ ಏರುತ್ತ, ಏರುತ್ತ, ತುದಿ ಕಾಣದೆ ಒಂದೇ ಬಣ್ಣವಾಗುತ್ತಿದ್ದವು. ಎಷ್ಟು ಬಾಯ್ಲರು ನೋಡಿದರೂ ಆ ಕ್ಷಣಕ್ಕೆ ನನ್ನ ಬಾಯಿ ತೆರೆದೇ ಇರುತ್ತದೆ. ಬೂದಿ ಬೀಳುತ್ತದೆಂದು ನೆನಪಾದ ಮೇಲೆಯೇ ಮುಚ್ಚುವುದು. ಕೊನೆಗೆ ಮೇಲ್ಗಡೆ, ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಕೊಳವೆಗಳು ಪರದೆಯಂತೆ ಇಳಿಬಿದ್ದಿರುವ ಜಾಗದಲ್ಲಿ, ಬೆಳಕು ಏನನ್ನೋ ತಾಗಿ ನಿಂತಿತು. ಕ್ಲಿಂಕರ್. ಬೂದಿ ಕರಗಿ, ಅಂಟಿ, ಕಲ್ಲಾದ ಗಡ್ಡೆ. ಒಂದು ಅಂಬಾಸಿಡರ್ ಕಾರನ್ನು ಮೂತಿ ಕೆಳಗೆ ಮಾಡಿ ಕೊಳವೆಗಳ ನಡುವೆ ಸಿಗಿಸಿದ ಹಾಗಿತ್ತು. ಏನನ್ನು ಹಿಡಿದು ನಿಂತಿದೆ ಎಂಬುದೇ ಕಾಣಲಿಲ್ಲ.

ಅದರ ಕೆಳಗೇ ನಮ್ಮ ಜನ ಒಳಹೊಕ್ಕು ಸಾರುವೆ ಕಟ್ಟಬೇಕಾಗಿತ್ತು. ಸಾರುವೆ ತಂಡದ ಮೇಸ್ತ್ರಿ ಅಪ್ಪಲರಾಜು, ಪೆಂಡುರ್ತಿಯವನು. ವಯಸ್ಸಿನಲ್ಲಿ ನನ್ನ ಓರಗೆ. ಅವನೂ ತಲೆ ಹಾಕಿ ನೋಡಿದ. ಆಮೇಲೆ ಎರಡೂ ಕೈ ಮುಗಿದು, "ಇದಿ ದಿಗೇವರಕೂ ನಾ ಮನುಷುಲು ಲೋಪಲಿಕಿ ರಾರು ಬಾಬೂ" ಎಂದ. ಇದು ಇಳಿಯುವ ತನಕ ನನ್ನ ಜನ ಒಳಗೆ ಬರುವುದಿಲ್ಲ. ನಾನೂ ಕಳಿಸುವವನಿರಲಿಲ್ಲ.

ಕೆಡವುವ ದಾರಿ ಒಂದೇ. ಅದೇ ಎತ್ತರದಲ್ಲಿ, ಹೊರಗಿನ ಕಬ್ಬಿಣದ ಪ್ಲಾಟ್‌ಫಾರ್ಮಿನಿಂದ, ಗೋಡೆಯ ಸಣ್ಣ ಬಾಗಿಲಲ್ಲಿ ಉದ್ದನೆಯ ಪೈಪು ತೂರಿಸಿ ಗಡ್ಡೆಯ ಬುಡವನ್ನು ಮೀಟಬೇಕು. ಮೀಟುವವನ ಬಾಗಿಲಿನಿಂದ ಪೈಪಿನ ತುದಿ ಕಾಣುವುದಿಲ್ಲ. ಎದುರು ಗೋಡೆಯ ಬಾಗಿಲಲ್ಲಿ ಇನ್ನೊಬ್ಬ ನಿಂತು ಬೆಳಕು ಹಿಡಿದು ಹೇಳಬೇಕು. ಇದರಲ್ಲಿ ಒಂದು ಕೇಡಿದೆ. ಗಡ್ಡೆ ಕಳಚುವಾಗ ಪೈಪಿನ ಒಳತುದಿಯ ಮೇಲೆ ಬಿದ್ದರೆ, ಹೊರತುದಿ ಏತದ ಹಾಗೆ ಚಿಮ್ಮುತ್ತದೆ. ಹಿಡಿದವನ ದವಡೆಯೋ ಎದೆಯೋ ಹೋಯಿತೆಂದೇ ಲೆಕ್ಕ. ಕೈಬಿಡುವ ಗಳಿಗೆ ಅವನಿಗೆ ತಿಳಿಯಲೇಬೇಕು, ಅದನ್ನು ತಿಳಿಸುವವನು ಬೆಳಕು ಹಿಡಿದವನೇ.

ಪೈಪು ಹಿಡಿಯಲು ಅಪ್ಪಲರಾಜು ತಾನೇ ನಿಂತ. "ಹುಡುಗರಿಗೆ ಕೊಡೋ ಕೆಲಸ ಅಲ್ಲ ಇದು" ಎಂದ. ಎದುರು ಬಾಗಿಲಲ್ಲಿ ದೀಪ ಹಿಡಿದು ನಾನು ನಿಂತೆ. ಬೂದಿ ಹೊರಗೆ ಬರದಂತೆ ಒಂದು ಫ್ಯಾನು ಓಡುತ್ತಿತ್ತು. ಅದರ ಗದ್ದಲದಲ್ಲಿ ಆಚೆ ಗೋಡೆಗೆ ಒಂದೊಂದು ಪದವಷ್ಟೇ ಮುಟ್ಟುತ್ತಿತ್ತು.

ಶುರುವಾಯಿತು. ಪೈಪಿನ ತುದಿ ನನ್ನ ಬೆಳಕಿನೊಳಗೆ ಬಂತು, ಗಡ್ಡೆಯ ಬುಡಕ್ಕೆ ಸರಿಯಾಗಿ ಕೂತಿತು. ಆಚೆಯಿಂದ ಕೂಗು: "ಇಂಕಾ ತೊಯ್ಯಾಲಾ ಬಾಬೂ?" ಇನ್ನೂ ತಳ್ಳಬೇಕೇ?

"ಆಗ್ಲೀ! ಆಗಲೀ!" ಎಂದು ಕೂಗಿದೆ.

ಪೈಪು ನಿಂತಿತು. ಹಿಂದಕ್ಕೂ ಹೋಯಿತು. ಬ್ಯಾಟರಿ ಉಳಿಸಲು ದೀಪ ಆರಿಸಿ ಕಾದೆ. ಮತ್ತೆ ಪೈಪು ಬಂತು, ಮತ್ತೆ ಅದೇ ಪ್ರಶ್ನೆ, ನನ್ನದು ಅದೇ "ಆಗಲೀ", ಮತ್ತೆ ಪೈಪು ಹಿಂದೆ. ಹೀಗೆ ಆಗಿ ಆಗಿ, ಬೆಳಕು ಹಳದಿಗೆ ತಿರುಗಿತು. ಪ್ಲಾಟ್‌ಫಾರ್ಮು ಸುತ್ತಿಕೊಂಡು ಅವನ ಬಳಿ ಹೋದೆ.

"ಏಮಯ್ಯಾ, ಬುಡಕ್ಕೆ ಕೂತ ಮೇಲೂ ಎಂದುಕು ಆಗಾವು?" ಅರ್ಧ ಕನ್ನಡ, ಅರ್ಧ ತೆಲುಗು. ಯಾಕೆ ನಿಂತೆ ಎಂದು ಕೇಳಿದ್ದು.

ಅಪ್ಪಲರಾಜು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಮೀರೇ ಆಗಾಲಿ ಅಂಟಾರು, ಮಳ್ಳೀ ಎಂದುಕು ಆಗಾವು ಅಂಟಾರು! ಮಾ ಅತ್ತಗಾರು ನಯಂ!" ನೀವೇ ನಿಲ್ಲಬೇಕು ಅಂತೀರಿ, ಮತ್ತೆ ಯಾಕೆ ನಿಂತೆ ಅಂತಲೂ ಕೇಳ್ತೀರಿ, ನಿಮಗಿಂತ ನಮ್ಮತ್ತೆಯೇ ವಾಸಿ!

ಆಗ ಹೊಳೆಯಿತು. ನಮಗೆ 'ಆಗಲಿ' ಎಂದರೆ ಸರಿ, ನಡೆಯಲಿ. ತೆಲುಗಿನಲ್ಲಿ 'ಆಗು' ಎಂದರೆ ನಿಲ್ಲು, 'ಆಗಾಲಿ' ಎಂದರೆ ನಿಲ್ಲಬೇಕು. ಎಂಟು ವರ್ಷ ತೆಲುಗಾಡಿದ ನಾಲಿಗೆ, ಕಣ್ಣು ಕೈ ಎರಡೂ ಕೆಲಸದಲ್ಲಿರುವಾಗ ತಾನಾಗಿ ದಾವಣಗೆರೆಗೆ ಹೋಗಿಬಿಟ್ಟಿತ್ತು. ವಿವರಿಸಿದೆ. ಅವನು ನಕ್ಕು ನಕ್ಕು ರೇಲಿಂಗು ಹಿಡಿದುಕೊಂಡ. ನಾನೂ ನಕ್ಕೆ. ನಗು ನಿಂತ ಮೇಲೆ ಇಬ್ಬರಿಗೂ ಒಂದೇ ಯೋಚನೆ ಬಂದಿರಬೇಕು. ಇಷ್ಟು ಹೊತ್ತು ತಪ್ಪಾಗಿ ನಿಂತದ್ದು ಸರಿ. ನಿಲ್ಲಬೇಕಾದ ಗಳಿಗೆಯಲ್ಲಿ ನನ್ನ ಬಾಯಿಂದ ಏನು ಬರುತ್ತದೋ, ಅದು ಅವನಿಗೆ ಏನಾಗಿ ಕೇಳುತ್ತದೋ?

"ನಾಳೆಯಿಂದ ಬಾಯಿ ಬೇಡ" ಎಂದೆ. "ದೀಪ ಉರಿದು ನಿನ್ನ ಬಾಗಿಲಿಗೆ ಬೆಳಕು ಕಾಣುತ್ತಿದ್ದರೆ ತಳ್ಳು. ಆರಿತೋ, ಯಾಕೆ ಏನು ಕೇಳಬೇಡ. ಪೈಪು ಬಿಟ್ಟು ಗೋಡೆಗೆ ಸರಿ."

"ಬ್ಯಾಟರಿ ತಾನಾಗಿ ಹೋದರೆ?"

"ಆಗಲೂ ಬಿಡು. ಸುಮ್ಮನೆ ಬಿಟ್ಟರೆ ಪೈಪು ಹೋದೀತು ಅಷ್ಟೇ."

ಆ ಸಂಜೆ ಮಿಕ್ಸಿಗೆ ಮತ್ತೆ ಉಪವಾಸ. ಯಾಕಿಷ್ಟು ಸಲ ಹೋಗಿ ಚಾರ್ಜರು ಮುಟ್ಟುತ್ತೀರಿ ಎಂದು ಗಿರಿಜಾ ಕೇಳಿದಳು. ಹೇಳಿದೆ. ಅವಳು ರುಬ್ಬುವುದನ್ನು ನಿಲ್ಲಿಸಿ, "ಅವನ ಹೆಂಡತಿಗೆ ಗೊತ್ತಾ ಇದು?" ಎಂದಳು. ನನಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೆಳಗಿನ ಬಾಗಿಲುಗಳಿಗೆಲ್ಲ ಹಗ್ಗ ಕಟ್ಟಿ ಜನರನ್ನು ದೂರ ಕಳಿಸಿದೆವು. ದೀಪ ಒತ್ತಿದೆ. ಬೆಳಕು ಹೊಸದಾಗಿ ಕೊಯ್ದ ತೆಂಗಿನಕಾಯಿಯ ತಿರುಳಿನಷ್ಟು ಬೆಳ್ಳಗಿತ್ತು. ಪೈಪು ಬಂತು, ಕೂತಿತು, ಮೀಟಿತು. ಒಂದು ಸಲ, ಇನ್ನೊಂದು ಸಲ. ಆಚೆಯಿಂದ ಪ್ರಶ್ನೆಯಿಲ್ಲ. ನಾನು ಬೆಳಕು ಹಿಡಿದೇ ಇದ್ದೆ, ಅವನು ತಳ್ಳುತ್ತಲೇ ಇದ್ದ.

ಮೊದಲು ಬಂದದ್ದು ಬೂದಿಯ ಒಂದು ಎಳೆ. ಗಡ್ಡೆಯ ಹೆಗಲಿಂದ ಜರಡಿಯಿಂದ ಹಿಟ್ಟು ಸುರಿದ ಹಾಗೆ ಸಣ್ಣಗೆ ಇಳಿಯಿತು, ಬೆಳಕಿನಲ್ಲಿ ಪ್ರತಿಯೊಂದು ಕಣವೂ ಹೊಳೆಯುತ್ತಿತ್ತು. ಆಮೇಲೆ ಆ ಇಡೀ ಕಲ್ಲು, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ಅವಸರವೇ ಇಲ್ಲದೆ ಮುಂದಕ್ಕೆ ಬಾಗಿತು. ಅದರ ಬೆನ್ನು ಕಂಡಿತು. ಅಲ್ಲಿ ಕರಗಿದ ಬೂದಿ ಗಾಜಾಗಿ, ಹಸಿರೂ ನೇರಳೆಯೂ ಬೆರೆತು ಮಿನುಗಿತು. ಅಂಥದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕಣ್ಣು ಇನ್ನೂ ಬೇಕು ಎನ್ನುತ್ತಿತ್ತು.

ಬೆರಳು ಎತ್ತಿಬಿಟ್ಟೆ. ದೀಪ ಆರಿತು.

ಕತ್ತಲು ನನ್ನ ಮುಖಕ್ಕೇ ಬಂದು ತಾಗಿದ ಹಾಗಾಯಿತು. ಆ ಕತ್ತಲೊಳಗೆ ಒಂದು ನಿಟ್ಟುಸಿರು, ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಆಮೇಲೆ ತೀರ ಕೆಳಗಿನಿಂದ, ಕಿವಿಗಿಂತ ಮೊದಲು ಪಾದಗಳಿಗೆ ಗೊತ್ತಾದ ಒಂದು ಏಟು. ಪ್ಲಾಟ್‌ಫಾರ್ಮು ನಡುಗಿತು. ಬಾಗಿಲಿನಿಂದ ಬೂದಿ ಉಸಿರಿನಂತೆ ಹೊರಬಂದು ನನ್ನನ್ನು ಮುಳುಗಿಸಿತು.

ದೀಪ ಮತ್ತೆ ಹಚ್ಚುವಂತಿರಲಿಲ್ಲ. ಉರಿದರೆ ತಳ್ಳು ಎಂದಲ್ಲವೇ ನಮ್ಮ ಮಾತು? ಅಪ್ಪಲರಾಜು ಎಂದು ಕೂಗಿದೆ, ಫ್ಯಾನು ನುಂಗಿತು. ಬಾಯ್ಲರಿನ ಸುತ್ತ ಆಚೆ ಬದಿಗೆ ಹೋಗುವ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಅವನು ಗೋಡೆಗೆ ಒರಗಿ ಕುಳಿತಿದ್ದ. ತಲೆಯಿಂದ ಕಾಲಿನವರೆಗೆ ಬಿಳಿ. ಅಂಗೈಗಳನ್ನು ಮುಂದೆ ಬಿಚ್ಚಿ ಹಿಡಿದು, ಯಾರೋ ಕೊಟ್ಟುಹೋದ ವಸ್ತುಗಳ ಹಾಗೆ ನೋಡುತ್ತಿದ್ದ. ಅವನು ನಿಂತಿದ್ದ ಜಾಗದಲ್ಲಿ, ಎದೆಯ ಎತ್ತರದಲ್ಲಿದ್ದ ರೇಲಿಂಗು ಮೇಲ್ಮುಖವಾಗಿ ಬಾಗಿತ್ತು. ಪೈಪು ಇರಲಿಲ್ಲ.

"ದೀಪಂ ಆರಿಂದಿ, ಒದಿಲೇಸಾನು ಬಾಬೂ" ಎಂದ. ದೀಪ ಆರಿತು, ಬಿಟ್ಟುಬಿಟ್ಟೆ.

ನಾನು ಅವನ ಪಕ್ಕ ಕೂತೆ. ಅವನೇ ಮಗುವಿನಂಥ ಕುತೂಹಲದಿಂದ ಕೇಳಿದ: "ಎಲಾ ಪಡಿಂದಿ ಬಾಬೂ? ಹೇಗೆ ಬಿತ್ತು? ನಾನಂತೂ ಗೋಡೆ ನೋಡ್ತಿದ್ದೆ. ನೀವು ನೋಡಿದಿರಲ್ಲ?"

"ಇಲ್ಲಯ್ಯಾ. ಆರಿಸಿಬಿಟ್ಟಿದ್ದೆನಲ್ಲ."

ಅವನು ನನ್ನ ಕೈಯಲ್ಲಿದ್ದ ದೀಪವನ್ನೂ ನನ್ನನ್ನೂ ನೋಡಿ, ಮೆಲ್ಲಗೆ ತಲೆಯಾಡಿಸಿದ. ಅಷ್ಟು ದೊಡ್ಡದು ಬಿದ್ದದ್ದನ್ನು ಯಾರೂ ನೋಡಲಿಲ್ಲ.

ಆಮೇಲೆ ಎಷ್ಟೋ ಕಿರಿಯರಿಗೆ ಸ್ಪಾಟ್‌ಲೈಟ್ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದೇನೆ. ಚಾರ್ಜು, ಬಲ್ಬು, ಬಿಸಿ ಎಲ್ಲ ಹೇಳಿಕೊಟ್ಟು, ಕೊನೆಗೆ ಇದನ್ನೂ ಹೇಳುತ್ತೇನೆ: ಈ ಕೆಲಸದಲ್ಲಿ ಬೆಳಕು ಇರುವುದು ಆಚೆ ಗೋಡೆಯ ಹಿಂದೆ ಪೈಪು ಹಿಡಿದವನಿಗಾಗಿ. ಇನ್ನೇನು ಅದ್ಭುತವಾದದ್ದು ಕಾಣುತ್ತದೆ ಎಂದು ನಿಮ್ಮ ಕಣ್ಣಿಗೆ ಅನಿಸಿದ ಗಳಿಗೆಯೇ, ಬೆರಳು ಎತ್ತಬೇಕಾದ ಗಳಿಗೆ.