ಹೆಸರು ಮಾತ್ರ ಉಳಿದ ಮನೆಗೆ ಕಸುಬು ತಂದ ಸೊಸೆ

ಇನ್ನೂ ನಸುಕು. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಲಾಂಗ್ ಸ್ಯಾಲೋ ಎಂಬ ಹಳ್ಳಿಯಲ್ಲಿ ಏವಿಸ್ ಗ್ಲವರ್ ತಮ್ಮ ಹಿತ್ತಲ ಕೊಟ್ಟಿಗೆಯ ದೀಪ ಹಚ್ಚಿಕೊಂಡು ಒದ್ದೆ ಬಟ್ಟೆಯ ಸುರುಳಿ ಬಿಚ್ಚುತ್ತಿದ್ದಾರೆ. ಒಳಗೆ ರಾತ್ರಿಯಿಡೀ ತೇವ ಕುಡಿದ ಕುರಿಮರಿಯ ಚರ್ಮ. ಅದನ್ನು ಮೇಜಿನ ಅಂಚಿಗೆ ಹಾಸಿ ಎರಡೂ ಕೈಯಿಂದ ಕೆಳಕ್ಕೆ ಜಗ್ಗುತ್ತಾರೆ. ಒಂದು ಕಾಲದಲ್ಲಿ ಕೈಗವಸಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದ ಡೆನ್ಜಿಲ್ ಹ್ಯಾಲೆಟ್ ಸೀಮೆಎಣ್ಣೆ ಒಲೆಯ ಪಕ್ಕ ಕೂತು ತಲೆ ಅಲ್ಲಾಡಿಸುತ್ತಾರೆ.

"ಅದೇನು ಬೆಕ್ಕಾ, ಸವರೋಕೆ? ಎಳಿಯೇ ಹುಡುಗಿ!"

ಹುಡುಗಿಗೆ ಎಪ್ಪತ್ತೊಂದು ವರ್ಷ. "ಹರಿದ್ರೆ ಯಾರು ಕೊಡ್ತಾರೆ ಇನ್ನೊಂದು? ನಿಮ್ಮಪ್ಪಾನಾ?" ಎನ್ನುತ್ತಾ ಆಕೆ ಇನ್ನಷ್ಟು ಜಗ್ಗುತ್ತಾರೆ.

ಗ್ಲವರ್ ಎಂದರೆ ಕೈಗವಸು ಮಾಡುವವನು. ಊರಿಗೆ ನಾಲ್ಕಾರು ಜನ ಜಾನ್‌ಗಳಿದ್ದ ಕಾಲದಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಲು ಅವನ ಕಸುಬನ್ನೇ ಹೆಸರಿನ ಬೆನ್ನಿಗೆ ಅಂಟಿಸುತ್ತಿದ್ದರು. ನಮ್ಮಲ್ಲಿ ಬಡಿಗೇರ, ಪತ್ತಾರ ಎನ್ನುವುದಿಲ್ಲವೇ, ಹಾಗೆ. ಆಮೇಲೆ ಮಗ ಬೇರೆ ಕೆಲಸ ಹಿಡಿದರೂ ಹೆಸರು ಬಿಡಲಿಲ್ಲ. ಏವಿಸ್ ಸೊಸೆಯಾಗಿ ಬಂದ ಮನೆಯಲ್ಲಿ ಕೈಗವಸಿನ ಕೆಲಸ ಯಾವಾಗ ನಿಂತಿತೆಂದು ಯಾರಿಗೂ ನೆನಪಿರಲಿಲ್ಲ. ಗಂಡ ಮರ್ವಿನ್ ಬಸ್ಸು ಓಡಿಸುತ್ತಿದ್ದರು, ಮಾವ ಹಾಲಿನ ಗಾಡಿ.

"ಒಬ್ರಿಗೂ ಸೂಜಿಗೆ ದಾರ ಪೋಣಿಸೋಕೆ ಬರ್ತಿರ್ಲಿಲ್ಲ," ಎಂದು ಏವಿಸ್ ನಗುತ್ತಾರೆ. "ನಮ್ಮ ತವರಿನ ಹೆಸರು ಬಿಷಪ್, ಅಂದ್ರೆ ದೊಡ್ಡ ಪಾದ್ರಿ. ನಮ್ಮಪ್ಪ ಹಂದಿ ಸಾಕ್ತಿದ್ರು. ಹೆಸರು ನಂಬ್ಕೊಂಡು ಕೂತ್ರೆ ಆಗುತ್ತಾ?"

ಕೆಲಸ ಬಂದದ್ದು ಏವಿಸ್ ತಾಯಿಯ ಕಡೆಯಿಂದ. ಈ ಸೀಮೆಯಲ್ಲಿ ಕಾರ್ಖಾನೆಯ ಗಂಡಸರು ಚರ್ಮ ಕತ್ತರಿಸುತ್ತಿದ್ದರು, ಹಳ್ಳಿಯ ಹೆಂಗಸರು ಮನೆಬಾಗಿಲಲ್ಲಿ ಕೂತು ಹೊಲಿಯುತ್ತಿದ್ದರು. ಹೊಲಿಗೆ ಅಲುಗದಂತೆ ಕಚ್ಚಿ ಹಿಡಿಯುವ, ಕಾಲಲ್ಲಿ ಒತ್ತುವ ಮರದ ಚಿಮಟಕ್ಕೆ ಹೆಂಗಸರು ಇಟ್ಟ ಹೆಸರು 'ಕತ್ತೆ'. ಅದರ ಮುಂದೆ ಬೆನ್ನು ಬಗ್ಗಿಸಿದವರು ಎಷ್ಟು ಜನರೋ. ಅವರ ಮಕ್ಕಳು ಮಾತ್ರ ಅಪ್ಪನ ಹೆಸರನ್ನೇ ಹೊತ್ತರು. ಗ್ಲವರ್ ಎಂದು ಕರೆಸಿಕೊಂಡ ಎಲ್ಲರೂ ಕತ್ತರಿ ಹಿಡಿದವರ ವಂಶದವರೇ ಎಂದು ಖಂಡಿತವಾಗಿ ಹೇಳಲಾಗದು. ಆದರೆ ಹೊಲಿದವರ ನೆನಪಿಗೆ ಹೆಸರೊಂದು ಉಳಿಯಲಿಲ್ಲ ಎನ್ನುವುದು ನಿಜ.

ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಡೆನ್ಜಿಲ್ ಮನೆಯಲ್ಲೇ ಕತ್ತರಿಸುತ್ತಿದ್ದರು, ಏವಿಸ್ ಹೊಲಿಯುತ್ತಿದ್ದರು, ಕುದುರೆ ಸವಾರಿಯ ಸಾಮಾನಿನ ಅಂಗಡಿಯೊಂದು ಕೊಳ್ಳುತ್ತಿತ್ತು. ಕಳೆದ ಚಳಿಗಾಲದಲ್ಲಿ ಡೆನ್ಜಿಲ್‌ರ ಬೆರಳುಗಳು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಸುತ್ತಮುತ್ತ ಕತ್ತರಿಸಬಲ್ಲವರು ಬೇರೆ ಇಲ್ಲ. ಕತ್ತರಿಸಿ ಕೊಡುವವರಿಲ್ಲದಿದ್ದರೆ ಹೊಲಿಯುವುದೇನನ್ನು? ಏವಿಸ್ ಕಲಿಯಬೇಕು, ಇಲ್ಲವೇ ಕತ್ತೆಯನ್ನು ಅಟ್ಟಕ್ಕೆ ಹಾಕಬೇಕು.

ಹಿಂದೆ ಒಮ್ಮೆ ಆಕೆ ಕಾರ್ಖಾನೆಯ ಮೇಸ್ತ್ರಿಯ ಬಳಿ, ಗಂಡಸರ ಹಾಗೆ ತನಗೂ ಒಂದು ಕತ್ತರಿಸುವ ಮೇಜು ಕೊಡಿ ಎಂದು ಕೇಳಿದ್ದರು. ಆಗಿನ್ನೂ ಮದುವೆಯಾಗಿರಲಿಲ್ಲ. ಇಡೀ ಕೋಣೆ ನಕ್ಕಿತ್ತು.

"ಆಗ ಯಾರೂ ಹಂಗೆ ಯೋಚನೆ ಮಾಡ್ತಿರ್ಲಿಲ್ಲ ಬಿಡು," ಎನ್ನುತ್ತಾರೆ ಡೆನ್ಜಿಲ್.

"ನಾನು ಮಾಡ್ತಿದ್ದೆ," ಎನ್ನುತ್ತಾರೆ ಏವಿಸ್, ಚರ್ಮದಿಂದ ಕಣ್ಣೆತ್ತದೆ.

ಕೈಗವಸಿನ ಚರ್ಮ ಅಗಲಕ್ಕೆ ಹಿಗ್ಗಬೇಕು, ಉದ್ದಕ್ಕೆ ಹಿಗ್ಗಬಾರದು. ಹಾಗಾಗಿ ಕತ್ತರಿಸುವ ಮೊದಲೇ ಉದ್ದದ ಹಿಗ್ಗನ್ನೆಲ್ಲ ಜಗ್ಗಿ ತೆಗೆಯಬೇಕು. ಉಳಿದರೆ ತೊಟ್ಟವರ ಕೈಯಲ್ಲಿ ಕೈಗವಸಿನ ಬೆರಳು ಬೆಳೆಯುತ್ತದೆ, ತುದಿ ಜೋಲುತ್ತದೆ. ಏವಿಸ್ ಕಲಿತ ಹೊಲಿಗೆಯ ಮೊದಲ ಪಾಠವೇ ಚರ್ಮವನ್ನು ಎಳೆಯಬಾರದು ಎಂಬುದು. ಆ ಪಾಠ ಬೆರಳಿನ ಸಂದಿಗೆಲ್ಲ ಇಳಿದುಬಿಟ್ಟಿದೆ. ಜಗ್ಗಬೇಕೆಂದು ಮನಸ್ಸು ಹೇಳಿದರೂ ಕೊನೆಯ ಗಳಿಗೆಯಲ್ಲಿ ಕೈ ಸಡಿಲುತ್ತದೆ. ಡೆನ್ಜಿಲ್‌ರ ಬೀರುವಿನಲ್ಲಿ ಉಳಿದಿದ್ದ ಚರ್ಮಗಳಲ್ಲಿ ಹೆಚ್ಚಿನವು ಹೀಗೇ ಹಾಳಾಗಿವೆ. ಇವತ್ತಿನದು ಬಿಟ್ಟರೆ ಇನ್ನು ಒಂದೇ. ಇಂಥ ಚರ್ಮ ಹದ ಮಾಡುತ್ತಿದ್ದ ಮನೆಯೂ ಬಾಗಿಲು ಹಾಕಿದೆ.

"ನನ್ನ ಕತ್ತರಿ ತಗೋ," ಎಂದು ಡೆನ್ಜಿಲ್ ಈ ಬೆಳಿಗ್ಗೆ ತಾವೇ ತಂದುಕೊಟ್ಟಿದ್ದಾರೆ. ಕತ್ತರಿಸುವವರು ತಮ್ಮ ಕತ್ತರಿಯನ್ನು ಇನ್ನೊಬ್ಬರಿಗೆ ಮುಟ್ಟಲೂ ಬಿಡುವುದಿಲ್ಲ, ಹಾಗಾಗಿ ಏವಿಸ್ ಒದ್ದೆ ಕೈಯನ್ನು ಒರೆಸಿಕೊಂಡೇ ಅದನ್ನು ತೆಗೆದುಕೊಂಡರು. ಆದರೆ ಡೆನ್ಜಿಲ್ ಎಡಚರು. ಅವರ ಎಡಗೈಗೆ ಸವೆದ ಅಲಗು ಏವಿಸ್ ಬಲಗೈಯಲ್ಲಿ ಚರ್ಮವನ್ನು ಕತ್ತರಿಸದೆ ಮಡಚಿತು. ಇಬ್ಬರೂ ನಕ್ಕರು. ಆಕೆ ತಮ್ಮ ಹೊಲಿಗೆಯ ಕತ್ತರಿಯನ್ನೇ ಎತ್ತಿಕೊಂಡರು.

ಚರ್ಮವನ್ನು ಎರಡು ಭಾಗ ಮಾಡಿ, ಒಂದೊಂದನ್ನೂ ಜಗ್ಗಿ, ಕತ್ತರಿಸಿ, ಕತ್ತೆಯ ಮುಂದೆ ಕೂರುವಷ್ಟರಲ್ಲಿ ಬಿಸಿಲು ಏರುತ್ತದೆ. ಡೆನ್ಜಿಲ್ ಕೂತಲ್ಲೇ ತೂಕಡಿಸುತ್ತಾರೆ. ಸಂಜೆಯ ಚಹಾದ ಹೊತ್ತಿಗೆ ಕೊನೆಯ ಗಂಟು ಬೀಳುತ್ತದೆ.

"ಹಾಕ್ಕೋ. ಮುಷ್ಟಿ ಕಟ್ಟು. ಬಿಡು. ಇನ್ನೊಂದ್ಸಲ."

ಮೊದಲೆಲ್ಲ ತಮ್ಮ ಕೈಗೇ ತೊಟ್ಟು ನೋಡುತ್ತಿದ್ದ ಡೆನ್ಜಿಲ್ ಈಗ ಮಡಚಿದ ಬೆರಳ ಗೆಣ್ಣಿನಿಂದ ಏವಿಸ್‌ರ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಬಲಗೈಯದ್ದು ಅಲುಗುವುದಿಲ್ಲ. ಮತ್ತೆ ಒತ್ತುತ್ತಾರೆ. ಎಡಗೈಗೆ ಬಂದಾಗ ನಡುಬೆರಳಿನ ತುದಿ ಪೊಳ್ಳಾಗಿ ಮಡಚಿಕೊಳ್ಳುತ್ತದೆ.

"ಇಲ್ಲಿ ಕೈ ಬಿಟ್ಟೆ ನೀನು."

"ಗೊತ್ತಾಯ್ತು. ಹರಿಯುತ್ತೆ ಅನ್ನಿಸ್ತು."

"ಇದು ಮಾತ್ರ..." ಡೆನ್ಜಿಲ್ ಬಲಗೈಯದ್ದನ್ನು ಬಿಡದೆ ಹಿಡಿದಿದ್ದಾರೆ. "ಇದನ್ನ ನಾನೇ ಕತ್ತರಿಸಿದ್ದು ಅಂದ್ರೂ ನಂಬ್ತಾರೆ. ಆ ಕಾಲದಲ್ಲೇ ನಿನಗೊಂದು ಮೇಜು ಕೊಟ್ಟಿದ್ರೆ ಏನಾಗ್ತಿತ್ತೋ."

ಏವಿಸ್ ಕೊನೆಯ ಚರ್ಮಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿ, ಮೇಜಿನ ಮೇಲಿಡುತ್ತಾರೆ.

"ಬೆಳಿಗ್ಗೆ ಬೇಗ ಬನ್ನಿ ಡೆನ್ಜಿಲ್. ಬಲಗೈಯದ್ದು ಆಯ್ತಲ್ಲ. ಎಡಗೈಯದ್ದೊಂದು ಬಂದ್ರೆ ಸಾಕು ನಂಗೆ."