ಎಲ್ಲರ ಹಿಂದೆ ನಡೆಯುವವನು

ನನ್ನ ತಮ್ಮನನ್ನ ಎಲ್ಲರೂ ಬಾಲಣ್ಣ ಅಂತ ಕರೀತಾರೆ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೆಲಸ ಅಂಟಿಸಿದ ಹೆಸರು. ಬೆಟ್ಟ ಹತ್ತಿಸೋ ನಮ್ಮ ತಂಡದಲ್ಲಿ ಮುಂದೆ ಒಬ್ಬರು ಗೈಡ್ ನಡೀತಾರೆ, ಅವರು ದಾರಿ ನೋಡ್ಕೋತಾರೆ. ಎಲ್ಲರ ಹಿಂದೆ ಇನ್ನೊಬ್ಬರು ನಡೀತಾರೆ, ಅವರು ಜನರನ್ನ ನೋಡ್ಕೋತಾರೆ. ಆ ಹಿಂದಿನವರೇ ಬಾಲ. ಆರನೇ ದಿನ, ತುದಿಗೆ ಹೋಗೋ ದಿನ, ಯಾರಾದರೂ ಸುಸ್ತಾಗಿ ಕೂತರೆ ಅವರನ್ನ ಕರ್ಕೊಂಡು ಇಳಿಯೋದು ಬಾಲದ ಪಾಲು. ಮಿಕ್ಕವರು ಮೇಲೆ ಹೋಗಿ ಫೋಟೋ ತೆಗೆಸ್ಕೋತಾರೆ.

ಇಪ್ಪತ್ತಮೂರು ವರ್ಷ ಈ ಮಹಾರಾಯ ಹೀಗೆ ಹತ್ತಿದಾನೆ. ತುದಿ ಮಾತ್ರ ಒಂದು ಸಲವೂ ನೋಡಿಲ್ಲ! ಪ್ರತಿ ಸಲವೂ ಒಬ್ಬರಿಗೆ ತಲೆ ಸುತ್ತುತ್ತೆ, ಇಲ್ಲ ವಾಂತಿ ಆಗುತ್ತೆ, ಇಲ್ಲ ಇದ್ದಕ್ಕಿದ್ದಂತೆ ಹೆಂಡತಿ ಮಕ್ಕಳು ನೆನಪಾಗ್ತಾರೆ. ಒಂದು ಸಲ ಒಬ್ಬ ಎಂಜಿನಿಯರು ಇನ್ನು ಇನ್ನೂರು ಹೆಜ್ಜೆ ಇರುವಾಗ ಶೂ ಕಚ್ಚುತ್ತೆ ಅಂತ ಕೂತುಬಿಟ್ಟ. ನಾನಾಗಿದ್ದರೆ ಅವನನ್ನ ಅಲ್ಲಿಂದಲೇ ಉರುಳಿಸ್ತಿದ್ದೆ. ಇವನು ಶೂ ಬಿಚ್ಚಿಸಿ, ಹತ್ತಿ ಸುತ್ತಿ, ತೋಳು ಹಿಡಿದು ಇಳಿಸಿಕೊಂಡು ಬಂದ. ದೂರದ ಬೆಟ್ಟ ನುಣ್ಣಗೆ ಅಂತಾರೆ. ನನ್ನ ತಮ್ಮನಿಗೆ ಹತ್ತಿರದ ಬೆಟ್ಟವೂ ನುಣ್ಣಗೇ ಉಳೀತು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನು ಅದೇ ತಂಡದ ಅಡುಗೆಯವಳು. ಕೊನೇ ಡೇರೆಯವರೆಗೂ ಸ್ಟವ್ ಹೊತ್ಕೊಂಡು ಹೋಗಿ, ಅಲ್ಲೇ ಕೂತು ಸೂಪು ಕಾಯಿಸ್ತೀನಿ. ಹೋದವರಲ್ಲಿ ಮೊದಲು ವಾಪಸ್ ಬರೋನು ಯಾವಾಗಲೂ ನನ್ನ ತಮ್ಮನೇ.

ಅವನಿಗೆ ಸುಮ್ಮನೆ ಕೂರೋಕೆ ಬರಲ್ಲ. ಬೆಟ್ಟ ಮುಚ್ಚಿರೋ ತಿಂಗಳುಗಳಲ್ಲಿ ಡೇರೆ ಬಾಡಿಗೆ ಕೊಡೋ ಅಂಗಡಿಯ ನೆಲಮಾಳಿಗೆಯಲ್ಲಿ ಹರಿದ ಜಿಪ್ ಹೊಲೀತಾನೆ, ಸ್ಟವ್ ರಿಪೇರಿ ಮಾಡ್ತಾನೆ. ಕೂತರೂ ಒಂದು ಕಾಲು ಕುಣೀತಾ ಇರುತ್ತೆ. ಮನೇಲಿ ಪಾತ್ರೆ ತೊಳೆಯೋ ಕೆಲಸ ಯಾರಿಗೂ ಬಿಟ್ಟುಕೊಡಲ್ಲ. ಹೊರಗಿನವರು ಆಹಾ ಎಂಥಾ ಗಂಡ ಅಂತಾರೆ. ಅವನ ಹೆಂಡತಿಗೆ ನಿಜ ಗೊತ್ತು: ಬೆಟ್ಟ ಕಾಣೋದು ಪಾತ್ರೆ ತೊಳೆಯೋ ತೊಟ್ಟಿಯ ಎದುರಿನ ಕಿಟಕಿಯಿಂದ ಮಾತ್ರ. "ಒಂದು ತಟ್ಟೇನ ಮುಕ್ಕಾಲು ಗಂಟೆ ಉಜ್ಜುತ್ತಾರೆ ಅತ್ತಿಗೆ, ಹೂವಿನ ಚಿತ್ರವೇ ಅಳಿಸಿಹೋಯ್ತು" ಅಂತ ಅವಳು ನಗ್ತಾಳೆ.

ಈ ವರ್ಷ ಡಾಕ್ಟರು ಅವನ ಮಂಡಿಯ ಎಕ್ಸ್‌ರೇ ಎತ್ತಿ ಹಿಡಿದು, "ಇನ್ನೊಂದೇ ಸಲ. ಅದೂ ನಾನು ಹೇಳಿಲ್ಲ ಅಂದ್ಕೊಳ್ಳಿ" ಅಂದರು. ಅದೇ ಸಲ ಅವನ ಮಗಳು ಪುಟ್ಟಿ ಮೊದಲ ಬಾರಿಗೆ ಮುಂದಿನ ಗೈಡ್ ಆದಳು. ಬೇರೆ ಬೆಟ್ಟಗಳಲ್ಲಿ ಕಲಿತು ಬಂದವಳು, ಇದು ಅವಳಿಗೂ ಹೊಸದು. ಮಗಳು ಮುಂದೆ, ಅಪ್ಪ ಹಿಂದೆ, ನಡುವೆ ಏಳು ಜನ. ಹೊರಡೋ ಮುಂಚೆ ಇವನು ಅವಳಿಗೆ ಹೇಳಿದ್ದು ಎರಡೇ ಮಾತು. "ಮೇಲೆ ಹೋದಮೇಲೆ ನಾನು ನಿನ್ನ ಅಪ್ಪ ಅಲ್ಲ, ನೀನು ಹೇಳಿದ ಹಾಗೆ ಕೇಳೋ ಬಾಲ. ಮತ್ತೆ, ನೂರು ಹೆಜ್ಜೆಗೊಂದು ಸಲ ತಿರುಗಿ ನೋಡು. ಮುಂದೆ ಇರೋರು ಯಾರೂ ನೋಡಲ್ಲ. ಇಷ್ಟು ವರ್ಷದಲ್ಲಿ ಒಬ್ಬನೂ ನೋಡಲಿಲ್ಲ."

ಐದು ದಿನ ಯಾರಿಗೂ ಒಂದು ಸೀನೂ ಬರಲಿಲ್ಲ. ನನ್ನ ತಮ್ಮ ಕಾಲು ಸುಟ್ಟ ಬೆಕ್ಕಿನ ಹಾಗೆ ಡೇರೆಯಿಂದ ಡೇರೆಗೆ ತಿರುಗ್ತಿದ್ದ. ಒಬ್ಬರ ನಾಲಿಗೆ ನೋಡೋದು, ಇನ್ನೊಬ್ಬರಿಗೆ ನೀರು ಕುಡಿಸೋದು. ಐದನೇ ಸಂಜೆ ನನ್ನ ಪಕ್ಕ ಬಂದು ಕೂತು, "ಅಕ್ಕಾ, ಈ ಸಲ ಎಲ್ಲರೂ ಹತ್ತುತ್ತಾರೆ ಅನ್ಸುತ್ತೆ" ಅಂದ. ನಲವತ್ತೆಂಟು ವರ್ಷದ ಗಂಡಸು, ದನಿ ಹತ್ತು ವರ್ಷದ ಹುಡುಗನದು. "ಬಾಯಿ ಮುಚ್ಕೊಂಡು ಸೂಪು ಕುಡಿಯೋ, ದೃಷ್ಟಿ ತಗುಲೀತು" ಅಂದೆ.

ಅವನ ಪರೀಕ್ಷೆಯೊಂದಿದೆ, ಅದನ್ನ ಹೇಳಬೇಕು. ಮೊದಲನೇ ದಿನವೇ ಪ್ರತಿಯೊಬ್ಬರನ್ನೂ ಕೇಳ್ತಾನೆ: "ಮನೆ ಬೀಗದ ಕೈ ಯಾರ ಹತ್ತಿರ ಕೊಟ್ಟು ಬಂದ್ರಿ?" ಜನ ನಕ್ಕೊಂಡು ಉತ್ತರ ಹೇಳ್ತಾರೆ. ಎತ್ತರದಲ್ಲಿ ಗಾಳಿ ತೆಳುವಾದಾಗ ಅದೇ ಪ್ರಶ್ನೆ ಮತ್ತೆ ಕೇಳ್ತಾನೆ. ಉತ್ತರ ಬೇರೆ ಬಂತೋ, ತಲೆಗೆ ಗಾಳಿ ಸಾಲ್ತಿಲ್ಲ ಅಂತ ಅರ್ಥ. ಆಮೇಲೆ ಮಾತೇ ಇಲ್ಲ, ಇಳಿಯೋದೇ. ಅದನ್ನೇ ಪುಟ್ಟಿಗೂ ಕಲಿಸಿದ್ದ. ಯಾರ ಬೀಗದ ಕೈ ಎಲ್ಲಿದೆ ಅಂತ ಅಪ್ಪ ಮಗಳು ಇಬ್ಬರಿಗೂ ಬಾಯಿಪಾಠ.

ಏಳು ಜನರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ವಾಚಾಳಿ, ಒಳ್ಳೆಯ ಮನುಷ್ಯ. ನನ್ನ ಬಾಯಿ ತೆರೆಸಿ ನೋಡಿ, "ಅಕ್ಕಾ, ಬಲಗಡೆ ದವಡೆ ಹಲ್ಲು ನಿಮಗಿಂತ ಮುಂಚೆ ಹೋಗುತ್ತೆ" ಅಂದಿದ್ದರು. ಅವರ ಬೀಗದ ಕೈ ತಂಗಿ ಹತ್ತಿರ ಇತ್ತು.

ಆರನೇ ದಿನ ಬೆಳಕು ಹರಿಯೋ ಮುಂಚೆಯೇ ಹೊರಟರು. ಬಿಸಿಲು ಬಿದ್ದಮೇಲೆ ನನಗೆ ಹಿಮ ಮುಚ್ಚಿದ ಬೆಟ್ಟದ ಅಂಚಿನ ಮೇಲೆ ಒಂಬತ್ತು ಚುಕ್ಕೆ ಕಂಡವು. ಎಣಿಸಿದೆ. ಸ್ಟವ್ ಹತ್ತಿಸಿದೆ, ಮತ್ತೆ ಎಣಿಸಿದೆ. ಆರಿಸಿದೆ, ಎಣಿಸಿದೆ. ಒಂಬತ್ತೇ. ಇನ್ನು ತುದಿ ಒಂದು ಅಂಗೈ ದೂರ ಕಾಣ್ತಿತ್ತು. ಕೂರೋಕಾಗದೆ, ನಿಲ್ಲೋಕಾಗದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ದೇವರೇ, ಇದೊಂದು ಸಲ, ಇನ್ನೇನೂ ಕೇಳಲ್ಲ ಅಂದೆ.

ಮೇಲೆ ಆಗಿದ್ದನ್ನ ಆಮೇಲೆ ಅವನೇ ನನಗೆ ಹೇಳಿದ. ಹಲ್ಲಿನ ಡಾಕ್ಟರ ಮಾತು ನಿಂತುಹೋಗಿತ್ತಂತೆ. ಅಷ್ಟು ಮಾತಾಡೋರು ಸುಮ್ಮನಾದಾಗಲೇ ಇವನಿಗೆ ಗೊತ್ತಾಯ್ತಂತೆ. ಬೀಗದ ಕೈ ಯಾರ ಹತ್ತಿರ ಅಂದ. ಡಾಕ್ಟರು ಜೇಬು ತಡವಿ, "ಇಲ್ಲೇ ಇದೆಯಲ್ಲ" ಅಂದರು.

ಇನ್ನೂ ಅರ್ಧ ಗಂಟೆ ದಾರಿ.

ನನ್ನ ತಮ್ಮ ಏನು ಮಾಡಿದ ಗೊತ್ತೇ? ಇಳಿಸಲಿಲ್ಲ. ಡಾಕ್ಟರ ಚೀಲ ತನ್ನ ಎದೆಗೆ ನೇತುಹಾಕಿಕೊಂಡ, ಅವರ ಸೊಂಟಕ್ಕೆ ಕೈ ಕೊಟ್ಟು ನೂಕುತ್ತಾ ಹತ್ತಿಸಿದ. ಇನ್ನೊಂದು ಕೀ ಇರಬಹುದು, ಮರೆತು ಹೇಳಿರಬಹುದು ಅಂತ ತನಗೆ ತಾನೇ ಹೇಳಿಕೊಂಡನಂತೆ. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ! ಇಪ್ಪತ್ತಮೂರು ವರ್ಷ ಜನರನ್ನ ಕಾದವನು. ಕೇಳಿದಾಗ ಕೆನ್ನೆಗೆ ಎರಡು ಬಾರಿಸೋಣ ಅನ್ನಿಸ್ತು. ಅದೇ ಹೊತ್ತಿಗೆ, ಪಾಪ ಅಂತಲೂ ಅನ್ನಿಸ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಮುಂದೆ ಇದ್ದವಳು ತಿರುಗಿ ನೋಡಿದಳು. ನೂರು ಹೆಜ್ಜೆಗೊಂದು ಸಲ, ಅಪ್ಪ ಕಲಿಸಿದ ಹಾಗೆ. ಬಾಲದ ಮೈಮೇಲೆ ಎರಡು ಚೀಲ ಕಂಡಳು. ಸಾಲನ್ನ ನಿಲ್ಲಿಸಿ ಕೆಳಗೆ ಇಳಿದು ಬಂದು ಡಾಕ್ಟರನ್ನ ಕೇಳಿದಳು. "ಜೇಬಲ್ಲಿದೆ ಜೇಬಲ್ಲಿದೆ" ಅಂದರು ಅವರು.

ಪುಟ್ಟಿ ಅಪ್ಪನ ಕಡೆ ತಿರುಗಿದಳು. "ನೀವು ಕೇಳಿದ್ರಾ?"

"ಕೇಳಿದೆ."

"ಯಾವಾಗ?"

ಇವನು ತಲೆ ತಗ್ಗಿಸಿದ. "ಆಗಲೇ."

ಅವಳು, "ಬಾಲಣ್ಣ, ಇಳೀರಿ" ಅಂದಳು. ಅಷ್ಟೇ. ಬೈಗುಳವಿಲ್ಲ, ಸಮಾಧಾನವಿಲ್ಲ.

ಕೆಳಗೆ ನಾನು ಕಂಡಿದ್ದು ಇಷ್ಟು: ಒಂಬತ್ತು ಚುಕ್ಕೆಯಲ್ಲಿ ಎರಡು ಕಳಚಿಕೊಂಡು ಕೆಳಮುಖವಾದವು. ಯಾರು ಅಂತ ಕೇಳಬೇಕೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೌಟು ಎಸೆದೆ, ಯಾರನ್ನ ಬೈಯೋದು ಗೊತ್ತಾಗದೆ ಬೆಟ್ಟಕ್ಕೇ ಬೈದೆ.

ಡಾಕ್ಟರನ್ನ ಇವನು ಹೆಚ್ಚು ಕಡಿಮೆ ಹೊತ್ತುಕೊಂಡೇ ಬಂದ, ಆ ಮಂಡಿ ಇಟ್ಕೊಂಡು. ಕೆಳಗಿಳಿದಂತೆ ಡಾಕ್ಟರ ತುಟಿಗೆ ಬಣ್ಣ ಬಂದಿತ್ತು. ಬಿಸಿ ನೀರು ಕುಡಿಸಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ತಂಗಿ ಹತ್ತಿರ ಇದೆ ಕಣ್ರೀ, ಮೂರನೇ ಮಹಡಿ" ಅಂದರು. ಆಗ ನನ್ನ ತಮ್ಮ ಡೇರೆಯ ಆಚೆ ಹೋಗಿ ಕಲ್ಲಿನ ಮೇಲೆ ಕೂತು ಅತ್ತ. ಜೋರಾಗಿಯೇ ಅತ್ತ. ನಾನು ಪಕ್ಕಕ್ಕೆ ಹೋಗಿ ನಿಂತೆ.

"ಸತ್ತುಹೋಗ್ತಿದ್ರು ಅಕ್ಕಾ. ನನ್ನ ಆಸೆಗೆ ಸತ್ತುಹೋಗ್ತಿದ್ರು."

"ಸಾಯಲಿಲ್ಲವಲ್ಲೋ."

"ಅವಳು ನೋಡಿದ್ದಕ್ಕೆ." ಮೂಗು ಒರೆಸಿಕೊಂಡ. "ಇನ್ನು ನನ್ನ ಮುಖ ನೋಡ್ತಾಳಾ ಅವಳು?"

ಸೂಪು ಕೊಟ್ಟೆ, ಮುಟ್ಟಲಿಲ್ಲ. ಮಧ್ಯಾಹ್ನದವರೆಗೂ ಆ ಕಾಲು ಕುಣಿಸ್ತಾ ದಾರಿಯನ್ನೇ ನೋಡ್ತಾ ಕೂತಿದ್ದ.

ಅವರು ಬಂದರು. ಆರು ಜನ ಕುಣೀತಾ, ಒಬ್ಬರನ್ನೊಬ್ಬರು ತಬ್ಬಿಕೊಳ್ತಾ. ಪುಟ್ಟಿ ಕೊನೆಯಲ್ಲಿ ನಡೀತಿದ್ದಳು, ಬಾಲ ಇಲ್ಲವಲ್ಲ. ನೇರ ಡಾಕ್ಟರ ಡೇರೆಗೆ ಹೋಗಿ ನಾಡಿ ನೋಡಿ, ಬೀಗದ ಕೈ ಕೇಳಿ, ಹೊರಗೆ ಬಂದಳು. ಅಪ್ಪನ ಎದುರು ಹಿಮದಲ್ಲಿ ಕೂತು ಅವನ ಶೂ ಬಿಚ್ಚೋಕೆ ಶುರು ಮಾಡಿದಳು. ಮಂಡಿ ಕುಂಬಳಕಾಯಿಯ ಹಾಗೆ ಊದಿತ್ತು. ನನಗೆ ತಡೆಯೋಕೆ ಆಗಲಿಲ್ಲ.

"ಏನೇ, ತುದೀಲಿ ಏನು ಕಾಣುತ್ತೆ, ಹೇಳೇ ನಿಮ್ಮಪ್ಪಂಗೆ. ಅದೂ ಗೊತ್ತಿಲ್ಲದೆ ಸಾಯ್ಬೇಕಾ ಅವನು?"

ಪುಟ್ಟಿ ತಲೆ ಎತ್ತಲಿಲ್ಲ. ಶೂ ದಾರದ ಗಂಟು ಬಿಡಿಸ್ತಾನೇ ಇದ್ದಳು.

"ನಂಗೂ ಗೊತ್ತಿಲ್ಲ ಅತ್ತೆ. ಅವರೆಲ್ಲ ಆ ಕಡೆ ನೋಡ್ತಿದ್ರು. ನಾನು ಇದ್ದಷ್ಟು ಹೊತ್ತೂ ಕೆಳಗೇ ನೋಡ್ತಿದ್ದೆ. ಎರಡು ಚುಕ್ಕೆ ಇಳೀತಿದ್ವು. ಒಂದು ಕುಂಟ್ತಾ ಇತ್ತು. ಡೇರೆ ಮುಟ್ಟೋವರೆಗೂ ನೋಡಿದೆ, ಅಷ್ಟರಲ್ಲಿ ನಾವು ಇಳಿಯೋ ಟೈಮ್ ಆಯ್ತು." ಆಮೇಲೆ ಮೆಲ್ಲಗೆ ಕೇಳಿದಳು: "ಅಪ್ಪಾ, ತುಂಬಾ ನೋಯ್ತಾ?"

ನನ್ನ ತಮ್ಮ ಅವಳ ತಲೆ ಮೇಲೆ ಕೈ ಇಟ್ಟ. ಆ ಹಾಳು ಕಾಲು ಕುಣಿಯೋದು ನಿಂತಿತ್ತು.