ಸುಬ್ಬಜ್ಜಿಯ ಹಿರಿಯರು

ಸುಬ್ಬಜ್ಜಿ ನೆಲದ ಮೇಲೆ ಮಲಗುತ್ತಿದ್ದಳು. ಅವಳಿಗೆ ಕೊಟ್ಟ ಮಂಚದ ಮೇಲೆ, ದಿಂಬಿಗೆ ಒರಗಿ, ಒಂದು ತೆಂಗಿನಕಾಯಿ ಮಲಗಿರುತ್ತಿತ್ತು.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆಗ ನಾನು ಶಿರಸಿಯ ಒಂದು ವೃದ್ಧಾಶ್ರಮದಲ್ಲಿ ಮುದುಕಿಯರನ್ನು ಎತ್ತಿ ಕೂರಿಸುವ, ಬಿಸಿನೀರು ಹೊರುವ ಕೆಲಸಕ್ಕಿದ್ದೆ. ಅಜ್ಜಿ ಯಲ್ಲಾಪುರದ ಕಡೆ, ನಂದೊಳ್ಳಿಯ ಆಚೆಯ ಸಿದ್ದಿ ಹೆಂಗಸು. ಮಕ್ಕಳಿಲ್ಲ. ಗಂಡನ ಮನೆಯಲ್ಲಿ ಉಳಿದವಳು ಅವಳೊಬ್ಬಳೇ. ಕಾಲು ಸೋತ ಮೇಲೆ ತಂಗಿಯ ಮಗ ತಂದು ಬಿಟ್ಟಿದ್ದ.

ಮಂಚದ ಮೇಲೆ ಕಾಯಿ ಯಾಕೆ ಎಂದು ಕೇಳಿದೆ.

"ಇದ್ರಾಗೆ ನಮ್ಮ ಹಿರಿಯರು ಅದಾರೆ. ನನ್ನ ಗಂಡ, ಅತ್ತಿ, ಎಲ್ಲಾ. ಅವ್ರನ್ನ ನೆಲಕ್ಕೆ ಹಾಕಿ ನಾ ಮ್ಯಾಲೆ ಮಲಗ್ಲೇನೋ, ಮಂಗ್ಯಾ?"

ಸತ್ತ ಮೇಲೆ ತಾನೂ ಹಿರಿಯರ ಜೊತೆ ಕೂಡಬೇಕು, ಅದಕ್ಕೆ ಮನೆಯವರೊಬ್ಬರು ತನ್ನ ಹೆಸರು ಹೇಳಿ ಹೊಸ ಕಾಯಿ ಹಿಡಿಯಬೇಕು, ಆದರೆ ಮನೆಯವರೇ ಇಲ್ಲ. ಅದೊಂದೇ ಅವಳ ಚಿಂತೆ. ನನಗೆ ತಲೆಬುಡ ತಿಳಿಯಲಿಲ್ಲ.

ಆಶ್ರಮ ನೋಡಿಕೊಳ್ಳುತ್ತಿದ್ದ ಶಾರದಕ್ಕ ಕೆಟ್ಟವಳಲ್ಲ. ಎಲ್ಲರಿಗೂ ಒಂದೇ ಹೊದಿಕೆ, ಒಂದೇ ಗಂಜಿ, ಒಂದೇ ನಮೂನೆ ಬಾಚಣಿಗೆ. ಅಜ್ಜಿಯ ಗುಂಗುರು ಕೂದಲಲ್ಲಿ ಆ ಬಾಚಣಿಗೆಯ ಹಲ್ಲು ಮುರಿಯಿತು. ಕತ್ತರಿಸಿಬಿಡೋಣ ಎಂದಳು ಶಾರದಕ್ಕ.

"ನಿನ್ನ ಬಾಚಣಿಕಿಗೆ ಶಕ್ತಿ ಇಲ್ಲ ಅಂತ ನನ್ನ ತಲಿ ಕೊಯ್ತೀಯೇನು?" ಎಂದು ಅಜ್ಜಿ ಬೆರಳಿಗೆ ಎಣ್ಣೆ ಹಚ್ಚಿ ತಾನೇ ಸಿಕ್ಕು ಬಿಡಿಸಿಕೊಂಡಳು.

ಒಮ್ಮೆ ಮಂಚಕ್ಕೆ ಇರುವೆ ಬಂತು. ಅಜ್ಜಿ ಸ್ನಾನಕ್ಕೆ ಹೋದಾಗ ಶಾರದಕ್ಕ ಕಾಯಿಯನ್ನು ಅಡುಗೆಮನೆಗೆ ಕಳಿಸಿದಳು. ಅಡುಗೆಯವರು ತುರಿದು ಸಾಂಬಾರಿಗೆ ಹಾಕಿದರು. ಅಜ್ಜಿಗೆ ಗೊತ್ತಾದದ್ದು ಊಟವಾದ ಮೇಲೆ.

"ಮತ್ತೊಂದು ಕಾಯಿ ಕೊಡ್ತೆ, ಅಜ್ಜಿ. ನಿಂಗೊಬ್ಬಳಿಗೆ ಬೇರೆ ಮಾಡಿದ್ರೆ ಉಳಿದವ್ಕೆ ಎಂತ ಹೇಳೂದು?" ಎಂದಳು ಶಾರದಕ್ಕ. ಅವಳಿಗೇ ಅಳು ಬರುವಂತಿತ್ತು.

ಅಜ್ಜಿ ಬೈಯಲಿಲ್ಲ. ಯಾರ್ಯಾರು ಉಂಡಿರಿ ಎಂದು ಕೇಳಿದಳು. ಎಲ್ಲರೂ ಉಂಡಿದ್ದೆವು, ನಾನು ಎರಡು ಸಲ ಬಡಿಸಿಕೊಂಡಿದ್ದೆ. ವರ್ಷಕ್ಕೊಮ್ಮೆ ಕಾಯಿ ಬದಲಿಸುವಾಗ ಹಳೆಯದನ್ನು ಅಡುಗೆ ಮಾಡಿ ಮನೆಯವರಷ್ಟೇ ಉಣ್ಣುವುದು ಅವರ ಪದ್ಧತಿಯಂತೆ.

"ಉಂಡ್ರಿ ಅಂದ್ಮ್ಯಾಲೆ ನೀವು ನಮ್ಮ ಮನಿಯೋರು. ಆತು."

ಅವಳ ಕೈಯ ನೀರು ಮುಟ್ಟದ ಇಬ್ಬರು ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ಅಜ್ಜಿ ನಕ್ಕಳು. ಕಣ್ಣಲ್ಲಿ ನೀರೂ ಇತ್ತು. ಯಾವುದನ್ನು ನಂಬುವುದು?

ಶಾರದಕ್ಕ ಕೊಟ್ಟ ಕಾಯಿಯನ್ನು ಅವಳು ತೆಗೆದುಕೊಳ್ಳಲಿಲ್ಲ. ಅದು ಬರೀ ಕಾಯಿ ಎಂದಳು.

ಮಳೆಗಾಲ ಮುಗಿಯುವಾಗ ಅಜ್ಜಿ ಸತ್ತಳು. ತಂಗಿಯ ಮಗ ಟೆಂಪೋ ತಂದ, ಕೈಯಲ್ಲಿ ಹೊಸ ಕಾಯಿ. ತಾನು ಬೇರೆ ಮನೆಯವನು, ಹಿಡಿಯುವ ಹಾಗಿಲ್ಲ ಎಂದ. ಇಲ್ಲಿ ಮನೆಯವರಿದ್ದಾರೆ ಎಂದು ದೊಡ್ಡಮ್ಮ ಹೇಳಿದ್ದಳು, ಯಾರವರು ಎಂದು ಕೇಳಿದ. ಸಂಬಂಧಿಕರು ಇಲ್ಲಿ ಯಾರೂ ಇಲ್ಲ ಎಂದಳು ಶಾರದಕ್ಕ.

ನಾನು ಯಾವ ಜಾತಿ, ಅವಳು ಯಾವ ಜಾತಿ. ಸಾಂಬಾರು ಉಂಡರೆ ಸಂಬಂಧ ಆಗುತ್ತದಾ? ನನಗೆ ಇವತ್ತಿಗೂ ಗೊತ್ತಿಲ್ಲ.

"ನಾ ಉಂಡೇನಿ," ಎಂದೆ.

ಅವನು ಕಾಯಿಯನ್ನು ನನ್ನ ಕೈಗಿಟ್ಟು, ಟೆಂಪೋದಲ್ಲಿ ಹೆಣದ ಪಕ್ಕ ಜಾಗ ಮಾಡಿದ. ಹೇಗೆ ಹಿಡಿಯಬೇಕು ಎಂದು ಕೇಳಿದೆ.

"ಗಟ್ಟಿ ಹಿಡಿ. ಯಲ್ಲಾಪುರ ತನ್ಕ ರಸ್ತೆ ಸಮ ಇಲ್ಲ."